ಓದದೆ ಬಿಟ್ಟ ಸಾಲು

ಎಡ ಅಂಗೈಯ ಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ದಾಕ್ಷಾಯಣಿ ಬಟ್ಟೆಯನ್ನು ಮತ್ತೊಮ್ಮೆ ಬಿಸಿನೀರಿಗೆ ಅದ್ದಿ ಹಿಂಡಿದಳು. ಮಡಚಿಕೊಂಡಿದ್ದ ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸೋಪು ಹಚ್ಚಿ, ಮಗುವಿನ ಕೈ ತೊಳೆಯುವ ಹಾಗೆ ತಿಕ್ಕಿದಳು.

“ಬುಡು ದಾಕ್ಷಾಯಣಿ. ಅದು ಕೊಳೆ ಅಲ್ಲ, ಸುಟ್ಟಿರೋದು,” ಎಂದಳು ಶಿವರುದ್ರಮ್ಮ. ಸತ್ತವನ ಅಕ್ಕ ಆಕೆ. ಗುಬ್ಬಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು.

“ಲಿಂಗ ಇಡೋ ಕೈ ಅತ್ತಿಗೆ. ಹಿಂಗೇ ಹೆಂಗೆ ಕಳ್ಸೋದು?”

ಬಾಗಿಲ ಬಳಿ ಕೂತು ವಿಭೂತಿ ಕಲೆಸುತ್ತಿದ್ದ ಚನ್ನವೀರಯ್ಯನವರು ತಲೆ ಎತ್ತಿದರು. ಆ ಊರಿನ ಮದುವೆಗೂ ಮಣ್ಣಿಗೂ ಅವರೇ ಅಯ್ನೋರು. “ಕಪ್ಪಗಿದ್ರೇನಮ್ಮ, ಕೈ ಅವನದೇ ಅಲ್ವಾ? ಬಿಡು.”

ದಾಕ್ಷಾಯಣಿ ಬಟ್ಟೆ ಕೆಳಗಿಟ್ಟಳು. ಕುಣಿಗಲ್ ಆಸ್ಪತ್ರೆಯಿಂದ ಹೆಣ ಮನೆಗೆ ಬಂದಾಗ ಒಂಬತ್ತು ಗಂಟೆ. ಪೋಸ್ಟ್‌ಮಾರ್ಟಂ ಮಾಡಿ ಹೊಲಿಗೆ ಹಾಕಿದ ಮೈ, ತಲೆಗೆ ನೀರು ಹಾಕಬೇಡಿ ಎಂದು ಅಲ್ಲಿಯವರು ಹೇಳಿ ಕಳಿಸಿದ್ದರಿಂದ ಮುಖ, ಕೈ, ಕಾಲು ಇಷ್ಟನ್ನೇ ತೊಳೆಯಬೇಕಾಗಿತ್ತು. ಇಪ್ಪತ್ತೆರಡು ವರ್ಷ, ಸೋಮಶೇಖರ ಕೆಲಸದಿಂದ ಬಂದಾಗಲೆಲ್ಲ ಅವಳು ಬಚ್ಚಲ ಕಡೆ ಕೈ ತೋರಿಸಿ, “ಮೊದ್ಲು ಮೈ ತೊಳ್ಕೊಂಡು ಬನ್ನಿ” ಎನ್ನುತ್ತಿದ್ದಳು. ಅವನು ನಗುತ್ತ ಹೋಗುತ್ತಿದ್ದ. ಒಂದು ದಿನವಾದರೂ ಅವನ ಬೆನ್ನಿಗೆ ತಾನು ನೀರು ಹಾಕಿದ್ದು ಅವಳಿಗೆ ನೆನಪಾಗಲಿಲ್ಲ.

ಹೊರಗೆ ಶಾಮಿಯಾನದ ಕೆಳಗಿನಿಂದ ಗಂಡಸರ ಮಾತು ಕೇಳುತ್ತಿತ್ತು.

“ಸಾಕಿದ ಹಾವೇ ಕಚ್ತು ಅನ್ನಂಗಾಯ್ತು. ಆ ಬಾವಲಿಗೋಸ್ಕರ ಜೀವ ತೇದ. ಅವೇ ಬಲಿ ತಗೊಂಡ್ವು.”

“ಮೂದೇವಿಗಳು. ಹಗಲೆಲ್ಲ ತಲೆಕೆಳಗಾಗಿ ನೇತಾಡೋವು ಒಳ್ಳೇದು ಮಾಡ್ತಾವಾ?”

“ಮಣ್ಣು ಮುಗೀಲಿ,” ಎಂದಿತು ಚೌಡಪ್ಪನ ದನಿ. “ಕುಣಿಗಲ್ಲಿಂದ ಮರ ಕೊಯ್ಯೋ ಮೆಷಿನ್‌ಗೆ ಹೇಳಿದೀನಿ. ಇವತ್ತು ಹೊತ್ತು ಮುಳುಗೋ ಒಳಗೆ ಗೋಣಿಮರ ನೆಲಕ್ಕೆ ಬೀಳಬೇಕು. ಸೋಮಣ್ಣನಿಗೆ ನಾವು ಮಾಡಬೇಕಾಗಿರೋದು ಅದೊಂದೇ.”

ಚೌಡಪ್ಪ ಪಕ್ಕದ ಮನೆಯವನು. ಶಾಮಿಯಾನ ಹಾಕಿಸಿದ್ದು, ಗುಂಡಿ ತೆಗೆಸಿದ್ದು, ಹೂವು ತರಿಸಿದ್ದು ಎಲ್ಲ ಅವನೇ. ಬೆಳಗಿನಿಂದ ಒಂದು ಗಳಿಗೆ ಕೂತಿರಲಿಲ್ಲ. ಅವನ ಮನೆ ಮುಂದೆ ಬಾಡಿಗೆಗೆ ತಂದಿದ್ದ ಜನರೇಟರ್ ಇನ್ನೂ ನಿಂತಿತ್ತು. ಯಾರೋ ಅದರ ಮೇಲೆ ಟಾರ್ಪಾಲು ಮುಚ್ಚಿದ್ದರು. ಜನರೇಟರ್ ಎಂಬ ಮಾತನ್ನು ಮಾತ್ರ ಬೆಳಗಿನಿಂದ ಯಾರೂ ಎತ್ತಿರಲಿಲ್ಲ.

*

ಕೊತ್ತಗೆರೆಯ ಪಕ್ಕದ ಗೋಣಿಮರದಪಾಳ್ಯಕ್ಕೆ ದಾಕ್ಷಾಯಣಿ ಮದುವೆಯಾಗಿ ಬಂದಾಗ ಅವಳನ್ನು ಮೊದಲು ತಟ್ಟಿದ್ದು ವಾಸನೆ. ಮನೆಯಿಂದ ನೂರು ಹೆಜ್ಜೆಗೆ ಆ ದೊಡ್ಡ ಗೋಣಿಮರ. ಕೊಂಬೆಕೊಂಬೆಗೂ ಕರಿಬಟ್ಟೆ ಒಣಹಾಕಿದ ಹಾಗೆ ಬಾವಲಿಗಳು. ಸಂಜೆಯಾದರೆ ನೂರಾರು ಒಮ್ಮೆಗೇ ಏಳುತ್ತಿದ್ದವು. ಅಂಗಳದಲ್ಲಿ ಒಣಹಾಕಿದ ಸೀರೆಯ ಮೇಲೆ, ರಂಗೋಲಿಯ ಮೇಲೆ, ತುಳಸಿಕಟ್ಟೆಯ ಮೇಲೆ ಹಿಕ್ಕೆ.

ಸೋಮಶೇಖರ ಆ ಭಾಗದ ಲೈನ್‌ಮನ್. ರೆಕ್ಕೆ ಬಿಚ್ಚಿದರೆ ಒಂದು ಮಾರು ಉದ್ದದ ಜೀವಗಳು. ಹಾರುವಾಗ ಎರಡು ತಂತಿಗೆ ಒಮ್ಮೆಗೇ ತಾಗಿ ಸುಟ್ಟು ಅಲ್ಲೇ ನೇತಾಡುತ್ತಿದ್ದವು. ಬೇರೆಯವರು ಕೋಲಿನಿಂದ ಎಳೆದು ಎಸೆದರೆ ಇವನು ಇಳಿಸಿ, ಗುಂಡಿ ತೋಡಿ, ಮಣ್ಣು ಮುಚ್ಚಿ ಬರುತ್ತಿದ್ದ. ಮರದ ಬಳಿಯ ತಂತಿಗೆ ರಬ್ಬರ್ ಹೊದಿಕೆ ಹಾಕಿಸಿ ಎಂದು ಮೇಲಿನವರಿಗೆ ವರ್ಷ ವರ್ಷ ಅರ್ಜಿ ಬರೆಯುತ್ತಿದ್ದ. “ನಮ್ ತಂತಿ ಅವುಗಳ ದಾರೀಲಿ ಇರೋದು ಕಣೇ,” ಎನ್ನುತ್ತಿದ್ದ. “ಅವು ನಮ್ ದಾರೀಲಿಲ್ಲ.”

ಟೀ ಅಂಗಡಿಯಲ್ಲಿ ಯಾರಾದರೂ ಬಾವಲಿ ಹೊಕ್ಕ ಮನೆ ಪಾಳು ಬೀಳುತ್ತೆ ಅಂದರೆ ಸಾಕು, ಲೋಟ ಕೆಳಗಿಟ್ಟು ಶುರು ಮಾಡುತ್ತಿದ್ದ. “ಈ ಕೆರೆ ಏರಿ ಮೇಲಿರೋ ಅತ್ತಿ, ಆಲ, ಗೋಣಿ ಎಲ್ಲಾ ನೆಟ್ಟೋರ್ಯಾರು? ನಿಮ್ಮಪ್ಪನಾ ನಮ್ಮಪ್ಪನಾ? ಇವು ತಿಂದು ಉದುರಿಸಿದ ಬೀಜ ಕಣ್ರೋ. ಇವಿಲ್ದಿದ್ರೆ ನೀವು ಕೂತಿರೋ ನೆರಳೂ ಇಲ್ಲ.” ಜನ ನಗುತ್ತಿದ್ದರು. ಬಾವಲಿ ಸೋಮ ಎಂಬ ಹೆಸರು ನಿಂತುಬಿಟ್ಟಿತು. ಅವನಿಗೆ ಅದರಿಂದ ಬೇಜಾರಿರಲಿಲ್ಲ. ಬೇಜಾರೆಲ್ಲ ದಾಕ್ಷಾಯಣಿಗೆ. ಆಶಾ ಕಾರ್ಯಕರ್ತೆಯಾಗಿ ಗುಲಾಬಿ ಸೀರೆಯುಟ್ಟು ತಾಲ್ಲೂಕು ಮೀಟಿಂಗಿಗೆ ಹೋದರೆ ಅಲ್ಲಿಯೂ ಯಾರೋ ಕೇಳುತ್ತಿದ್ದರು: “ನೀವು ಬಾವಲಿ ಸೋಮನ ಮನೆಯವರಲ್ವಾ?”

ಹೋದ ವರ್ಷ ಮಗಳು ಪಲ್ಲವಿಯನ್ನು ನೋಡಲು ತುಮಕೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಸಂಜೆ ಹೊರಡುವ ಹೊತ್ತಿಗೆ ಅಂಗಳದಲ್ಲಿ ನಿಂತಿದ್ದ ಹುಡುಗನ ತಾಯಿಯ ರೇಷ್ಮೆ ಸೀರೆಯ ಮೇಲೆ ಬಾವಲಿ ಹಿಕ್ಕೆ ಬಿತ್ತು. ಆ ಹೆಂಗಸು ಸೀರೆ ಒರೆಸಿಕೊಂಡು ಹೊರಟಳು. ಎರಡು ದಿನ ಬಿಟ್ಟು ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಪಲ್ಲವಿ, “ಸದ್ಯ, ಡಿಗ್ರಿ ಮುಗೀಲಿ ಬಿಡಮ್ಮ” ಎಂದು ನಕ್ಕಳು. ಅಪ್ಪ ಮಗಳು ಇಬ್ಬರೂ ನಕ್ಕರು. ದಾಕ್ಷಾಯಣಿ ಅಂದು ಊಟ ಮಾಡಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಅಕ್ರಂ ಪಾಷಾ ಬಂದ. ಕುಣಿಗಲ್ಲಿನ ಹಣ್ಣಿನ ವ್ಯಾಪಾರಿ. ಕೆರೆ ಹಿಂದಿನ ಸಪೋಟ ತೋಟ ಅವನ ಗುತ್ತಿಗೆಯಲ್ಲಿತ್ತು. ಐದು ವರ್ಷದ ಹಿಂದೆ ಬಾವಲಿಗೆಂದು ಅವನು ಬಲೆ ಕಟ್ಟಿದಾಗ ಸೋಮಶೇಖರ ಜಗಳಕ್ಕೆ ಹೋಗಿದ್ದ. ಜಗಳ ಸಾಲದೆ ಒಂದು ವಾರ ಬೆಳಗಾಗೆದ್ದು ಹೋಗಿ, ಬಾವಲಿ ಕಚ್ಚಿ ಬೀಳಿಸಿದ ಹಣ್ಣುಗಳನ್ನು ಆಯ್ದು ತೋರಿಸಿದ. ಹೆಚ್ಚಿನವು ಮರದಲ್ಲೇ ಕಳಿತು, ಮಾರುಕಟ್ಟೆಯವರೆಗೂ ತಾಳದ ಹಣ್ಣುಗಳು. ಪಾಷಾ ಬಲೆ ಬಿಚ್ಚಿದ. ಅಲ್ಲಿಂದ ಇಬ್ಬರೂ ಒಂದೇ ಲೋಟದ ಟೀ ಹಂಚಿಕೊಳ್ಳುವಂತಾದರು.

ಅವನು ಹೆಣದ ಮುಂದೆ ಕೈಕಟ್ಟಿ ನಿಂತ. ಆಮೇಲೆ ದಾಕ್ಷಾಯಣಿ ಕೂತಿದ್ದ ಕಡೆ ಬಂದು ಮೊಣಕಾಲೂರಿದ. ಪಕ್ಕದಲ್ಲಿ ಪಲ್ಲವಿ ಇದ್ದಳು. ತುಮಕೂರಿನ ಸದಾಶಿವನಗರದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದವಳು ಹಿಂದಿನ ರಾತ್ರಿಯೇ ಬಂದಿದ್ದಳು. ಬಂದಾಗಿನಿಂದ ಅತ್ತಿರಲಿಲ್ಲ.

“ಪಾಷಾ ಮಾಮ, ನೀವು ಅಲ್ಲೇ ಇದ್ರಂತೆ,” ಎಂದಳು ಪಲ್ಲವಿ. “ಏನಾಯ್ತು ಹೇಳಿ.”

ಪಾಷಾ ದಾಕ್ಷಾಯಣಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು.

“ನಿನ್ನೆ ನಾಲ್ಕು ಗಂಟೆಗೆ ಊರ ಹುಡುಗ್ರು ಮರದ ಕೆಳಗೆ ಸರಪಟಾಕಿ ಹಚ್ಚಿದ್ರು ಪಲ್ಲವಿ. ಬಾವಲಿಯಿಂದ ನಿಫಾ ಜ್ವರ ಬರುತ್ತೆ, ಓಡ್ಸಬೇಕು ಅಂತ. ನಾನು ತೋಟದಿಂದ ಓಡಿ ಬಂದೆ, ಯಾರೂ ಕೇಳಲಿಲ್ಲ. ಹಾಡುಹಗಲು ಎದ್ವು ಪಾಪ. ಮರಿ ಕಟ್ಕೊಂಡಿರೋ ತಾಯಿಗಳು, ಎಲ್ಲಿ ಹೋಗ್ತಾವೆ? ಏಳೆಂಟು ತಂತಿಗೆ ಬಡಿದ್ವು. ಕರೆಂಟ್ ಹೋಯ್ತು. ಐದೂವರೆಗೆ ಸೋಮಣ್ಣ ಗುಬ್ಬಿಯಿಂದ ಬಂದ. ಕರೆಂಟ್ ಸ್ಟೇಷನ್‌ಗೆ ಫೋನ್ ಮಾಡಿ ಲೈನ್ ತೆಗೆಸಿದ. ಕಂಬ ಹತ್ತಿದ.” ಪಾಷಾ ಮರದ ಕಡೆ ಕೈ ತೋರಿಸಿದ. “ಒಂದು ತಾಯಿ ಸತ್ತು ನೇತಾಡ್ತಿತ್ತು, ಅದರ ಮೈ ಮೇಲಿನ ಮರಿ ಬದುಕಿತ್ತು. ಅದನ್ನ ನೋಡಿ ಅವಸರ ಬಿದ್ದ. ತಪ್ಪಿ ಕರೆಂಟ್ ಬಂದ್ರೂ ನೆಲಕ್ಕೆ ಇಳಿಸೋ ಅರ್ಥ್ ಸರಪಳೀನ ತಂತಿಗೆ ಹಾಕದೆ ಕೆಲಸ ಮುಟ್ಟದೋನು ನಿನ್ನೆ ಹಾಕ್ಲಿಲ್ಲ. ಗ್ಲೌಸ್ ಹಾಕ್ಕೊಂಡು ಮರೀನ ಬಿಡ್ಸಕ್ಕೆ ನೋಡ್ದ, ಆಗ್ಲಿಲ್ಲ. ಗ್ಲೌಸ್ ತೆಗೆದು ಬಿಡ್ಸಿದ. ಟವಲ್‌ನಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಹಗ್ಗದಲ್ಲಿ ಇಳ್ಸಿದ. ‘ಪಾಷಾ, ಉಸಿರಾಡ್ತಾ ಐತಾ ನೋಡು’ ಅಂದ. ಐತೆ ಸೋಮಣ್ಣ ಅಂದೆ. ತಾಯೀನ ತೆಗೆಯಕ್ಕೆ ಮತ್ತೆ ಕೈ ಹಾಕ್ದ. ಅಷ್ಟೇ.”

ಉಳಿದದ್ದು ಅವರಿಗೆ ಗೊತ್ತಿತ್ತು. ಚೌಡಪ್ಪನ ಮನೆಯಲ್ಲಿ ಅಂದು ಮೊಮ್ಮಗನ ನಾಮಕರಣ. ಕರೆಂಟು ಇಲ್ಲವೆಂದು ಜನರೇಟರ್ ತರಿಸಿ, ಮೇನ್ ಸ್ವಿಚ್ ಇಳಿಸದೆ ಮನೆಯ ವೈರಿಗೇ ಕೊಟ್ಟಿದ್ದರು. ಮರಿ ಕೆಳಗಿಳಿದ ಹೊತ್ತಿಗೆ ಅದನ್ನು ಚಾಲೂ ಮಾಡಿದ್ದರಿಂದ ಕರೆಂಟು ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರ್ ದಾಟಿ, ಸತ್ತಿದೆ ಎಂದುಕೊಂಡಿದ್ದ ತಂತಿಗೆ ಜೀವ ತಂದಿತ್ತು.

“ನಿಫಾ ಬರುತ್ತೆ, ಓಡಿಸಿ ಅಂತ ಇವರಿಗೆ ಹೇಳ್ದೋರ್ಯಾರು?” ಎಂದಳು ಪಲ್ಲವಿ.

ದಾಕ್ಷಾಯಣಿ ಎದ್ದು ಒಳಗೆ ಹೋದಳು.

*

ಕೇರಳದ ಕಡೆ ಮತ್ತೆ ನಿಫಾ ಜ್ವರ ಕಾಣಿಸಿಕೊಂಡ ಸುದ್ದಿ ಬಂದ ವಾರ ಆಶಾ ಕಾರ್ಯಕರ್ತೆಯರಿಗೆಲ್ಲ ಒಂದು ಹಾಳೆ ಕೊಟ್ಟಿದ್ದರು. ಮನೆಮನೆಗೆ ಹೋಗಿ ಓದಿ ಹೇಳಬೇಕು. ಕಚ್ಚಿದ ಹಣ್ಣು ತಿನ್ನಬಾರದು, ಹಣ್ಣು ತೊಳೆದು ತಿನ್ನಬೇಕು, ಸತ್ತ ಬಾವಲಿ ಮುಟ್ಟಬಾರದು, ಜ್ವರ ಬಂದರೆ ತಿಳಿಸಬೇಕು. ಎಲ್ಲಕ್ಕಿಂತ ಕೆಳಗೆ ಇನ್ನೂ ಒಂದು ಸಾಲು ಇತ್ತು.

ಮೊದಲ ಮನೆಯಲ್ಲಿ ದಾಕ್ಷಾಯಣಿ ಆ ಸಾಲಿನವರೆಗೂ ಬಂದು ನಿಂತಳು. ಕಣ್ಣೆದುರು ಅಂಗಳದಲ್ಲಿ ನಿಂತಿದ್ದ ರೇಷ್ಮೆ ಸೀರೆಯ ಹೆಂಗಸು ಬಂದಳು. ಹಾಳೆ ಮಡಚಿದಳು. “ಅಷ್ಟೇನಾ?” ಎಂದು ಆ ಮನೆಯವರು ಕೇಳಿದರು. “ಅಷ್ಟೇ, ಹುಷಾರಾಗಿರಿ,” ಎಂದಳು. ಎರಡನೆಯ ಮನೆಯಲ್ಲಿ ಅದು ಇನ್ನೂ ಸುಲಭವಾಯಿತು. ನಲವತ್ತೆರಡು ಮನೆ ಮುಗಿಯುವ ಹೊತ್ತಿಗೆ ಆ ಸಾಲು ಹಾಳೆಯಲ್ಲಿ ಇಲ್ಲವೇ ಇಲ್ಲವೆಂಬಂತಾಗಿತ್ತು. ಯಾರಿಗೂ ಏನೂ ಆಗುವುದಿಲ್ಲ, ನಾಲ್ಕು ಪಟಾಕಿ ಹೊಡೆದರೆ ಬಾವಲಿಗಳು ಬೇರೆ ಮರ ನೋಡಿಕೊಳ್ಳುತ್ತವೆ ಎಂದುಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ಸೋಮಶೇಖರ ಪೆನ್ನು ಹುಡುಕುತ್ತ ಅವಳ ಬ್ಯಾಗಿನಿಂದ ಹಾಳೆ ತೆಗೆದ. ನಿಂತೇ ಓದಿದ. ಮುಖ ಅರಳಿತು.

“ದಾಕ್ಷಾ, ಇದನ್ನೂ ಓದಿದ್ಯಾ? ಈ ಕೊನೇದು?”

ಅವಳು ಒಲೆಯ ಕಡೆ ತಿರುಗಿದ್ದಳು. “ಹ್ಞೂಂ, ಓದ್ದೆ.”

“ಎಲ್ಲಾ ಮನೇಲೂ?”

“ಹ್ಞೂಂ ಅಂದ್ನಲ್ಲ.”

ಅವನು ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಬ್ಯಾಗಿಗೆ ಇಟ್ಟ. “ನಾನು ಇಪ್ಪತ್ತು ವರ್ಷ ಬಡ್ಕೊಂಡೆ, ನಕ್ಕರು. ನೀನು ಹೇಳಿದ್ರೆ ಕೇಳ್ತಾರೆ ಕಣೇ. ನಿನ್ ಮಾತಿಗೆ ಬೆಲೆ ಐತೆ.” ಆ ವಾರವೆಲ್ಲ ಬಾವಲಿ ಓಡಿಸಬೇಕೆಂಬ ಹುಡುಗರ ಮಾತು ಕೇಳಿ ಮರದ ಬಳಿಯೇ ಸುಳಿಯುತ್ತಿದ್ದವನು, ಅಂದು ನಿಶ್ಚಿಂತೆಯಿಂದ ಬೈಕ್ ಹತ್ತಿ ಗುಬ್ಬಿಗೆ ಅಕ್ಕನ ಮನೆಗೆ ಹೋದ. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತು, ನಮ್ಮನೇವಳು ಈ ಸಲ ಮರ ಉಳಿಸಿದಳು ಅಂದನಂತೆ. ಇವತ್ತು ಬೆಳಿಗ್ಗೆ ಹೆಣದ ಮುಂದೆ ಶಿವರುದ್ರಮ್ಮ ಅದನ್ನು ಹೇಳಿಕೊಂಡೇ ಅತ್ತಿದ್ದಳು.

*

ಎರಡು ಗಂಟೆಗೆ ಹೆಣದ ವಿಮಾನ ಎದ್ದಿತು. ಬಾಳೆಕಂಬ, ಚೆಂಡುಹೂವು ಕಟ್ಟಿದ ಬಿದಿರಿನ ಪೀಠದಲ್ಲಿ ಸೋಮಶೇಖರ ಹಣೆ ತುಂಬ ವಿಭೂತಿ ಧರಿಸಿ ಕೂತಿದ್ದ. ಮುಂದೆ ಭಜನೆ, ಹಿಂದೆ ಹೆಂಗಸರು. ರುದ್ರಭೂಮಿಯ ದಾರಿ ಗೋಣಿಮರದ ಪಕ್ಕದಲ್ಲೇ ಹೋಗುತ್ತದೆ. ಮರದ ಕೆಳಗೆ ಪಟಾಕಿಯ ಕೆಂಪು ಕಾಗದ ಚೆಲ್ಲಿತ್ತು. ಕೊಂಬೆಗಳಲ್ಲಿ ಅಲ್ಲೊಂದು ಇಲ್ಲೊಂದು ಬಾವಲಿ ವಾಪಸು ಬಂದು ಜೋತುಬಿದ್ದಿತ್ತು. ಅಷ್ಟು ದೂರದಲ್ಲಿ ಮರ ಕೊಯ್ಯುವ ಮೆಷಿನ್ ಹೇರಿದ ಗೂಡ್ಸ್ ಆಟೋ ನಿಲ್ಲಿಸಿಕೊಂಡು ಇಬ್ಬರು ಕಾಯುತ್ತಿದ್ದರು.

“ಬೇಗ ಬಂದ್ರಲ್ಲ, ಒಳ್ಳೇದೇ ಆಯ್ತು,” ಎಂದ ಚೌಡಪ್ಪ. “ಸೋಮಣ್ಣನ ಎದುರಿಗೇ ಒಂದು ಗೀರು ಹಾಕಿ. ಅವನ ಆತ್ಮ ತಣ್ಣಗಾಗ್ಲಿ.”

“ನಿಲ್ಸಿ,” ಎಂದಳು ದಾಕ್ಷಾಯಣಿ.

ದನಿ ದೊಡ್ಡದೇನಿರಲಿಲ್ಲ. ಆದರೂ ಭಜನೆಯವರು ನಿಂತರು. ಅವಳು ಹೆಂಗಸರ ನಡುವಿನಿಂದ ಮುಂದೆ ಬಂದು ಸೆರಗಿನ ಗಂಟಿನಿಂದ ಹಾಳೆ ತೆಗೆದಳು. ಮನೆಮನೆಯಲ್ಲಿ ಓದಿ ಅಭ್ಯಾಸವಾದ ಅದೇ ದನಿಯಲ್ಲಿ ಓದಿದಳು.

“ಬಾವಲಿಗಳನ್ನು ಓಡಿಸುವುದು, ಕೊಲ್ಲುವುದು ಅಥವಾ ಅವು ವಾಸಿಸುವ ಮರಗಳನ್ನು ಕಡಿಯುವುದು ಮಾಡಬಾರದು. ಗಾಬರಿಗೊಂಡ ಬಾವಲಿಗಳಿಂದ ರೋಗ ಹರಡುವ ಸಾಧ್ಯತೆ ಇನ್ನೂ ಹೆಚ್ಚು.”

ಯಾರಿಗೂ ಅರ್ಥವಾಗಲಿಲ್ಲ. “ಈಗ್ಯಾಕೆ ದಾಕ್ಷಾಯಣಮ್ಮ ಅದು?” ಎಂದ ಚೌಡಪ್ಪ.

“ಇದು ನಿಮ್ಮನೇಲಿ ಓದಬೇಕಾಗಿದ್ದ ಸಾಲು ಚೌಡಪ್ಪ. ಎಲ್ಲಾರ ಮನೇಲೂ. ನಾನು ಓದಲಿಲ್ಲ. ಮರೆತಿದ್ದಲ್ಲ, ಬೇಕು ಅಂತಲೇ ಬಿಟ್ಟೆ. ಈ ಮರದ ಮೇಲೆ ನನಗೆ ಸಿಟ್ಟಿತ್ತು.” ಹಾಳೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. “ಅವರು ಕೇಳಿದ್ರು, ಓದಿದ್ಯಾ ಅಂತ. ಓದ್ದೆ ಅಂದೆ. ನಂಬಿದ್ರು. ನಂಬಿದ್ದಕ್ಕೇ ಕಾವಲು ಬಿಟ್ಟು ಗುಬ್ಬಿಗೆ ಹೋದ್ರು. ಬಾವಲಿ ಏನೂ ಮಾಡಿಲ್ಲ. ಮರ ಕಡಿಯೋದಾದ್ರೆ ಕಡೀರಿ, ನಾನು ತಡೆಯೋಳಲ್ಲ. ಆದರೆ ಅವರ ಹೆಸರಲ್ಲಿ ಬೇಡ. ನನ್ನ ಹೆಸರಲ್ಲಿ ಕಡೀರಿ.”

ಹೆಗಲ ಮೇಲೆ ವಿಮಾನ ಹೊತ್ತವರು ಭಾರ ಬದಲಿಸಿದರು. ಬಿದಿರು ಕಿರುಗುಟ್ಟಿತು.

ಮೊದಲು ಮಾತು ಬಂದದ್ದು ಶಿವರುದ್ರಮ್ಮನಿಗೆ. “ನನ್ ತಟ್ಟೇಲಿ ಅನ್ನ ಕಲಸ್ಕೊಂಡು ನಿನ್ನ ಹೊಗಳ್ದ ಕಣೇ,” ಎಂದಳು. “ಬಾಯಿ ತುಂಬಾ ಹೊಗಳ್ದ.” ಅಷ್ಟು ಹೇಳಿ ದಾಕ್ಷಾಯಣಿಯ ಪಕ್ಕದಿಂದ ಸರಿದು, ದಾರಿಯ ಆಚೆ ಬದಿಗೆ ಹೋಗಿ ನಿಂತಳು. ಒಬ್ಬೊಬ್ಬರಾಗಿ ಇನ್ನೂ ಕೆಲವು ಹೆಂಗಸರು ಸರಿದರು. ಪಲ್ಲವಿ ಸರಿಯಲಿಲ್ಲ. ಅಮ್ಮನ ಮುಖವನ್ನೂ ನೋಡಲಿಲ್ಲ.

ಚೌಡಪ್ಪ ಟವಲಿನಿಂದ ಕತ್ತು ಒರೆಸಿಕೊಂಡ. “ನಮ್ ಜನರೇಟ್ರು...” ಎಂದವನಿಗೆ ಪೂರ್ತಿ ಮಾಡಲಾಗಲಿಲ್ಲ. ಗೂಡ್ಸ್ ಆಟೋದ ಹತ್ತಿರ ನಡೆದು ಹೋಗಿ, “ಹೋಗ್ರಪ್ಪ, ಹೋಗಿ” ಎಂದ. ವಾಪಸು ಬಂದು, ವಿಮಾನ ಹೊತ್ತಿದ್ದ ಒಬ್ಬನನ್ನು ಬಿಡಿಸಿ ತಾನು ಹೆಗಲು ಕೊಟ್ಟ. ರುದ್ರಭೂಮಿ ಮುಟ್ಟುವವರೆಗೂ ಆ ಹೆಗಲು ಬದಲಿಸಲಿಲ್ಲ.

“ಹೊತ್ತಾಯ್ತು, ನಡೀರಿ,” ಎಂದರು ಚನ್ನವೀರಯ್ಯನವರು.

ಗುಂಡಿಗೆ ಯಾರು ಇಳಿಯಬೇಕು ಎಂಬ ಮಾತು ಬಂದಾಗ ಅವರು, “ಮಗಳೇ ಇಳೀಲಿ” ಎಂದರು. ಪಲ್ಲವಿ ಇಳಿದಳು. ಅಪ್ಪನನ್ನು ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿ, ಆ ಎಡಗೈಯಲ್ಲಿ ಲಿಂಗವಿಟ್ಟು, ಬೆರಳು ಮಡಚಿದಳು. ವಿಭೂತಿ ಗಟ್ಟಿ, ಬಿಲ್ವಪತ್ರೆ, ಉಪ್ಪು, ಆಮೇಲೆ ಮಣ್ಣು. ಹಿಡಿಮಣ್ಣು ಹಾಕುವಾಗ ದಾಕ್ಷಾಯಣಿಯ ಹಿಂದೆ ಮುಂದೆ ಯಾರೂ ಇರಲಿಲ್ಲ. ತಾನೊಬ್ಬಳೇ ಬಂದು ಹಾಕಿ, ತಾನೊಬ್ಬಳೇ ಹಿಂದಕ್ಕೆ ಹೋದಳು.

*

ಸಂಜೆಗೆ ಮನೆ ಖಾಲಿಯಾಯಿತು. ಶಿವರುದ್ರಮ್ಮ ಸಮಾಧಿಯಿಂದ ನೇರ ರಸ್ತೆಗೆ ಹೋಗಿ ಗುಬ್ಬಿಯ ದಾರಿ ಹಿಡಿದಿದ್ದಳು. ಮನೆಗೆ ಬಂದು ಒಂದು ಲೋಟ ನೀರೂ ಕುಡಿಯಲಿಲ್ಲ. ಅಕ್ಕಪಕ್ಕದವರು ಅನ್ನ ಸಾರು ಜಗುಲಿಯ ಮೇಲಿಟ್ಟು, ಒಳಗೆ ಬರದೆ ಹಿಂದಿರುಗಿದರು. ತಾಯಿ ಮಗಳು ಅಡುಗೆಮನೆಯಲ್ಲಿ ಎದುರುಬದುರು ಗೋಡೆಗೆ ಒರಗಿ ಕೂತಿದ್ದರು.

“ಅಪ್ಪನಿಗೆ ಗೊತ್ತಾಯ್ತಾ?” ಎಂದಳು ಪಲ್ಲವಿ. ಮಣ್ಣಿನಿಂದ ಬಂದ ಮೇಲೆ ಅವಳ ಮೊದಲ ಮಾತು.

“ಏನು?”

“ನೀನು ಓದ್ಲಿಲ್ಲ ಅಂತ.”

“ಇಲ್ಲ.” ದಾಕ್ಷಾಯಣಿ ನೆಲ ನೋಡಿದಳು. “ಕಂಬ ಹತ್ತೋಕ್ ಮುಂಚೆ ಫೋನ್ ಮಾಡಿದ್ರು. ‘ನೀನು ಅಷ್ಟು ಓದಿ ಹೇಳಿದ್ರೂ ಹಿಂಗ್ ಮಾಡವ್ರಲ್ಲೇ ಜನ. ಬೇಜಾರ್ ಮಾಡ್ಕೋಬೇಡ’ ಅಂದ್ರು.”

ಪಲ್ಲವಿ ಬಾಯಿಗೆ ಸೆರಗು ಒತ್ತಿಕೊಂಡಳು. ನಿನ್ನೆಯಿಂದ ಬರದಿದ್ದ ಅಳು ಆಗ ಬಂತು. ದಾಕ್ಷಾಯಣಿ ಅವಳ ಹತ್ತಿರ ಹೋಗಲು ಎದ್ದಳು. ಹೋಗಬಹುದೋ ಇಲ್ಲವೋ ತಿಳಿಯದೆ ಒಲೆಯ ಪಕ್ಕ ನಿಂತುಬಿಟ್ಟಳು.

ಅಷ್ಟರಲ್ಲಿ ಹಿತ್ತಲ ಬಾಗಿಲು ಸದ್ದಾಯಿತು. ಅಕ್ರಂ ಪಾಷಾ ಸಪೋಟ ತುಂಬುವ ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗೊತ್ತಿ ಹಿಡಿದು ನಿಂತಿದ್ದ.

“ಅದು ಬದುಕೈತೆ ಅಕ್ಕ,” ಎಂದ. “ರಾತ್ರಿ ನಮ್ಮನೇಲಿ ಇಟ್ಕೊಂಡಿದ್ದೆ. ತುಮಕೂರಲ್ಲಿ ಇಂಥವನ್ನ ನೋಡ್ಕೊಳ್ಳೋರ ನಂಬರ್ ಸೋಮಣ್ಣನೇ ಕೊಟ್ಟಿದ್ದ. ಬೆಳಿಗ್ಗೆ ಬಂದು ತಗೊಂಡು ಹೋಗ್ತಾರಂತೆ. ಇದೊಂದ್ ರಾತ್ರಿ... ಇಲ್ಲಿದ್ರೆ ಅವನಿಗೆ ಸಮಾಧಾನ ಅನ್ನಿಸ್ತು. ಬೇಡ ಅಂದ್ರೆ ನಾನೇ ಇಟ್ಕೋತೀನಿ.”

ಪಲ್ಲವಿ ಕಣ್ಣೊರೆಸಿಕೊಂಡು ಎದ್ದು ಪೆಟ್ಟಿಗೆ ತೆಗೆದುಕೊಂಡಳು.

“ಬರೀ ಕೈಲಿ ಮುಟ್ಬೇಡಿ. ದಪ್ಪ ಟವಲ್ ಇರ್ಲಿ. ಎರಡು ಗಂಟೆಗೊಂದ್ಸಲ ಹಾಲು,” ಎಂದು ಹೇಳಿ ಪಾಷಾ ಹೊರಟ.

ಪಲ್ಲವಿ ಟವಲಿನ ಸಮೇತ ಮರಿಯನ್ನು ಎತ್ತಿದಳು. ನಾಯಿಮರಿಯಂಥ ಮುಖ. ಮುಖಕ್ಕಿಂತ ದೊಡ್ಡ ಕಣ್ಣು. ಹಿಡಿಯಲು ಏನೂ ಸಿಗದೆ ರೆಕ್ಕೆಯ ತುದಿಯ ಪುಟ್ಟ ಕೊಕ್ಕೆಯುಗುರು ಗಾಳಿಯನ್ನು ತಡಕುತ್ತಿತ್ತು. ಪಲ್ಲವಿ ಸುತ್ತ ನೋಡಿ, ಮರಿಯನ್ನು ತಾಯಿಯ ಕಡೆ ಚಾಚಿದಳು.

“ಹಿಡ್ಕೋ. ನಾನು ಹಾಲು ಬೆಚ್ಚಗೆ ಮಾಡ್ತೀನಿ.”

ದಾಕ್ಷಾಯಣಿ ಹಿಡಿದುಕೊಂಡಳು. ತೂಕವೇ ಇರಲಿಲ್ಲ. ಟವಲಿನ ಒಳಗಿನಿಂದ ಬಿಸಿ ಮಾತ್ರ ಕೈಗೆ ಬರುತ್ತಿತ್ತು. ಮರಿ ಒಮ್ಮೆ ತಿಣುಕಿ, ಮೇಲಕ್ಕೆ ಸರಿದು, ಅವಳ ಸೀರೆಯ ಮಡಿಕೆಗೆ ಕೊಕ್ಕೆ ಸಿಗಿಸಿತು. ಇನ್ನೊಂದು ಕೊಕ್ಕೆಯನ್ನೂ ಸಿಗಿಸಿ ಎದೆಗೆ ಅವುಚಿಕೊಂಡು ಸುಮ್ಮನಾಯಿತು.

ಹಾಲಿನ ಬಟ್ಟಲು ತಂದ ಪಲ್ಲವಿ ಅದನ್ನು ನೋಡಿ, ಸೀರೆಯಿಂದ ಉಗುರು ಬಿಡಿಸಲು ಟವಲಿನ ಅಂಚು ಹಿಡಿದಳು.

“ಬಿಡ್ಸಬೇಡ,” ಎಂದಳು ದಾಕ್ಷಾಯಣಿ.

ಪಲ್ಲವಿಯ ಕೈ ನಿಂತಿತು. ಆಮೇಲೆ ಅವಳು ಅಲ್ಲೇ ನೆಲದ ಮೇಲೆ ತಾಯಿಯ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಅರಳೆಯ ಬತ್ತಿಯನ್ನು ಹಾಲಿಗೆ ಅದ್ದಿ, ಆ ಸಣ್ಣ ಬಾಯಿಗೆ ಹನಿ ಹನಿಯಾಗಿ ಹಿಂಡತೊಡಗಿದಳು.